ಕೋಡಿಹಳ್ಳದ ಸೇತುವೆ

ಬಸ್ಸು ಹಾರನ್ ಹೊಡೆಯುತ್ತಲೇ ಇತ್ತು. ವರಲಕ್ಷ್ಮಮ್ಮ ಸೇತುವೆಗೆ ಅಡ್ಡಲಾಗಿ ತಾನೇ ಜೋಡಿಸಿದ್ದ ಕಲ್ಲುಗಳ ಮುಂದಿನಿಂದ ಕದಲಲಿಲ್ಲ.

ಬೆಳಗ್ಗೆ ಹುಲ್ಲು ಕೊಯ್ಯಲು ದಂಡೆಗೆ ಇಳಿದಾಗ ಕಣ್ಣಾರೆ ಕಂಡಿದ್ದಳು. ರಾತ್ರಿ ಕೆರೆ ಕೋಡಿ ಬಿದ್ದ ರಭಸಕ್ಕೆ ನಡುಗಂಬದ ಬುಡ ಕೊಚ್ಚಿಹೋಗಿ, ಕಂಬ ಗೇಣುದ್ದ ಕುಸಿದಿತ್ತು. ಪಂಚಾಯ್ತಿ ಅಧ್ಯಕ್ಷೆಯಾದ ಎರಡು ವರ್ಷದಲ್ಲಿ ಈ ಸೇತುವೆಗೆಂದು ಐದು ಅರ್ಜಿ ಬರೆಸಿದ್ದಳು. ರಸ್ತೆ ನಮ್ಮದು, ಸೇತುವೆ ನಮ್ಮದಲ್ಲ ಎಂದಿತ್ತು ಒಂದು ಕಚೇರಿ. ರಸ್ತೆ ಯಾರದೋ ಸೇತುವೆಯೂ ಅವರದೇ ಎಂದಿತ್ತು ಇನ್ನೊಂದು.

"ಅಕ್ಕಾ, ನೆನ್ನೆ ಸಾಯಂಕಾಲ ಇದ್ರ ಮೇಲೇ ಬಂದಿದೀನಿ, ಏನಾಯ್ತು?" ಎಂದ ಡ್ರೈವರ್ ರಾಮಾಂಜಿನಪ್ಪ.

"ನೆನ್ನೆ ಕಂಬ ಕುಸ್ದಿರ್ಲಿಲ್ಲ ಕಣಪ್ಪಾ."

ಅವಳ ಮೈದುನ ಚಿಕ್ಕಬೀರಪ್ಪ ಬಸ್ಸಿನಿಂದ ಧುಮುಕಿದ. "ಅತ್ತಿಗೆ, ಮಧ್ಯಾಹ್ನ ಹೊಸಕೋಟೇಲಿ ಭಾಗ್ಯಂಗೆ ಪರೀಕ್ಷೆ. ಒಂದ್ಸಲ ಫೇಲಾಗವ್ಳೆ. ಮನೆ ಮಗೀಗೇ ಅಡ್ಡ ನಿಂತ್ಕೊತೀಯಾ?"

ಕಿಟಕಿಯಲ್ಲಿ ಅವನ ಮಗಳು ಭಾಗ್ಯಳ ಮುಖ ಅಳು ನುಂಗುತ್ತಿತ್ತು. ಆದರೂ ವರಲಕ್ಷ್ಮಮ್ಮ ಕಲ್ಲು ಸರಿಸಲಿಲ್ಲ.

ಊರಿನ ಅಂಚೆ ಕಚೇರಿಯಿಂದ ಯಾರೋ ಫೋನು ಮಾಡಿ ಎರಡು ತಾಸು ಕಳೆದ ಮೇಲೆ ಆಚೆ ದಡದಲ್ಲಿ ಜೀಪು ಬಂದು ನಿಂತಿತು. ರಸ್ತೆ ಕಚೇರಿಯ ಇಂಜಿನಿಯರ್ ಉಮಾಶಂಕರ್ ಸೇತುವೆಯ ಮೇಲೆ ಬಿರಬಿರನೆ ನಡೆದು ಬಂದರು.

"ಅಧ್ಯಕ್ಷರೇ, ಬಸ್ಸು ತಡೆಯೋಕೆ ನಿಮಗೆ ಯಾವ ಅಧಿಕಾರ ಇದೆ? ಕೇಸಾಗುತ್ತೆ."

"ಆಗ್ಲಿ ಸ್ವಾಮಿ. ಮೊದ್ಲು ಕೆಳಗಿಳಿದು ನೋಡಿ."

ಅವರು ಇಳಿದು ನೋಡಿದರು. ಮೇಲೆ ಬಂದಾಗ ದನಿ ತಗ್ಗಿತ್ತು. "ಇದು ನಮ್ಮ ವ್ಯಾಪ್ತಿಗೆ ಬರಲ್ಲ. ಅಂಥ ಅಪಾಯವೇನೂ ಇಲ್ಲ, ಕಲ್ಲು ತೆಗೆಸಿ."

"ಹಂಗಾದ್ರೆ ನಿಮ್ ಜೀಪು ಈ ಕಡೆಗೆ ತರಿಸಿ. ಅದು ದಾಟಿದ್ಮೇಲೆ ನಾನೇ ತೆಗೀತೀನಿ."

ಉಮಾಶಂಕರ್ ಜೀಪಿನತ್ತ ನೋಡಿದರು. ಕೈಯೆತ್ತಿ ಕರೆಯುವವರಂತೆ ಕಂಡರು, ಕರೆಯಲಿಲ್ಲ. ಬೂಟು ಬಿಚ್ಚಿ, ಪ್ಯಾಂಟು ಮಡಿಚಿ, ಸೇತುವೆಯಿಂದ ದೂರ ಸರಿದು ಹಳ್ಳಕ್ಕೆ ಇಳಿದರು. ರಾತ್ರಿಯ ನೀರು ಇಳಿದು ಈಗ ಮೊಣಕಾಲಿನಷ್ಟೇ ಇತ್ತು.

ರಾಮಾಂಜಿನಪ್ಪ ಇಂಜಿನ್ ಆಫ್ ಮಾಡಿದ. ಭಾಗ್ಯ ಒಬ್ಬಳೇ ಕೆಳಗಿಳಿದು, ಚಪ್ಪಲಿ ಕೈಯಲ್ಲಿ ಹಿಡಿದು ಓಡಿದಳು. "ಸಾರ್, ನಿಂತ್ಕೊಳಿ! ನಾನೂ ಹೊಸಕೋಟೆಗೇ ಹೋಗ್ಬೇಕು."

ನಡುನೀರಿನಲ್ಲಿ ಉಮಾಶಂಕರ್ ತಿರುಗಿ ನಿಂತು ಕೈ ಚಾಚಿದರು.

ಜೀಪು ಮರೆಯಾಗುವವರೆಗೂ ವರಲಕ್ಷ್ಮಮ್ಮ ನೋಡುತ್ತಿದ್ದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಇನ್ನೊಂದು ದಪ್ಪ ಕಲ್ಲಿಗೆ ಕೈ ಹಾಕಿದಳು. ಅದು ಏಳಲಿಲ್ಲ. ಚಿಕ್ಕಬೀರಪ್ಪ ಅವಳ ಮುಖ ನೋಡದೆ, ಬಗ್ಗಿ ಅದರ ಆ ತುದಿ ಹಿಡಿದ.