ಪುಕ್ಕಟೆ ಪಾಳಿ

ಕಾರಟಗಿಯ ಅಕ್ಕಿ ಗಿರಣಿಯೊಂದರಲ್ಲಿ ರೆಹಮಾನ ಕಂಪ್ಯೂಟರ್ ಕೆಲಸಕ್ಕಿದ್ದ. ಸುಮ್ಮನೆ ಕೂರಲಾರದ ಜೀವ. ರಜೆಯ ದಿನಗಳಲ್ಲಿ ತನ್ನೂರ ರೈತರಿಗೆಂದು ಒಂದು ಆಪ್ ಮಾಡಿಬಿಟ್ಟ. ಕಾಲುವೆ ನೀರಿನ ಪಾಳಿ ಯಾರಿಗೆ ಬರುತ್ತದೋ ಅವರ ಫೋನು ಅರ್ಧ ತಾಸು ಮೊದಲೇ ಕೂಗಬೇಕು, ಇಷ್ಟೇ ಅದರ ಕೆಲಸ. ಅದೂ ಪುಕ್ಕಟೆ. ಊರು ಹಿಗ್ಗಿತು. ಹಿಗ್ಗಿದ ಊರು ಮಾಡಿದ ಮೊದಲ ಕೆಲಸವೆಂದರೆ, ಮೂವತ್ತು ವರ್ಷ ಒಡ್ಡಿನ ಮೇಲೆ ನಿಂತು ಪಾಳಿ ಕೂಗಿದ ಪಕೀರಪ್ಪನಿಗೆ ಸುಗ್ಗಿಯಲ್ಲಿ ಕೂಲಿಯೆಂದು ಅಳೆಯುತ್ತಿದ್ದ ಭತ್ತ ನಿಲ್ಲಿಸಿದ್ದು. ಪಕೀರಪ್ಪ ಹೊಟ್ಟೆಪಾಡಿಗೆ ಗಂಗಾವತಿಯ ಲಾಡ್ಜೊಂದಕ್ಕೆ ಕಾವಲುಗಾರನಾಗಿ ಹೋದ.

ಆಪಿನ ಹುಳುಕು ರೆಹಮಾನನಿಗೆ ಗೊತ್ತಿಲ್ಲದ್ದೇನಲ್ಲ. ಆಪ್ ನಡೆಸುವ ದೂರದ ಕಂಪ್ಯೂಟರು, ಅಂದರೆ ಛಲೋ ಸರ್ವರಿನ ಬಾಡಿಗೆ ಅವನ ಸಂಬಳಕ್ಕೆ ಎಟುಕುತ್ತಿರಲಿಲ್ಲ. ಪುಕ್ಕಟೆ ಸಿಕ್ಕ ಸರ್ವರು ಯಾರೂ ಮಾತಾಡಿಸದಿದ್ದರೆ ಮಲಗಿಬಿಡುತ್ತಿತ್ತು. ಯಾರಾದರೂ ಆಪ್ ತೆರೆದಾಗಲೇ ಅದಕ್ಕೆ ಎಚ್ಚರ. ಪರೀಕ್ಷೆ ಮಾಡಿ ನೋಡಲು ಇದ್ದದ್ದು ತನ್ನ ಹಳೆಯ ಫೋನೊಂದೇ. ಮುಂದಿನ ತಿಂಗಳು ಸರಿಮಾಡಿದರಾಯಿತು ಎನ್ನುತ್ತ ಎರಡು ವರ್ಷ ದೂಡಿದ್ದ. ದಿನವಿಡೀ ಗಿರಣಿಯ ಕಂಪ್ಯೂಟರು ನೋಡಿ ಬಂದ ಕಣ್ಣು ಮನೆಯಲ್ಲೂ ಅದನ್ನೇ ನೋಡು ಎಂದರೆ ಎಷ್ಟಂತ ನೋಡೀತು? ಈಚೆಗೆ, ಇದನ್ನು ನಿಲ್ಲಿಸಿ ಕೈತೊಳೆದುಕೊಂಡರೆ ಸಾಕೆನ್ನಿಸಿತ್ತು.

ಭತ್ತ ಹೊಡೆಗೆ ಬಂದು ತೆನೆ ಹೊರಡುವ, ನೀರು ತಪ್ಪಬಾರದ ಹೊತ್ತು. ಒಂದು ಮಧ್ಯಾಹ್ನ ಅದೇ ಊರಿನ ರೈತ ಹೆಂಗಸು ದುರಗಮ್ಮನ ಪಾಳಿ ಬಂತು, ಸರ್ವರು ಮಲಗಿತ್ತು. ಅವಳ ಫೋನು ಕೂಗುವಷ್ಟರಲ್ಲಿ ನೀರು ಮುಂದಿನವರ ಗದ್ದೆಗೆ ತಿರುಗಿತ್ತು. ಇನ್ನು ಎಂಟು ದಿನ ಅವಳ ಗದ್ದೆಗೆ ಹನಿ ನೀರಿಲ್ಲ.

ಮರುದಿನ ಅವಳೇ ಗಿರಣಿಗೆ ಬಂದಳು. ರೆಹಮಾನ ಕುರ್ಚಿಯಿಂದ ಎದ್ದು ನಿಂತ.

"ಯವ್ವಾ, ತಪ್ಪಾಗೈತಿ. ನಾಕು ಮಾತು ಬೈದುಬಿಡು."

"ಬೈಯಾಕ ಬಂದಿಲ್ಲಪಾ. ನಮ್ಮ ಸೊಸಿ ಹೊಸಾ ಫೋನ್ ತಗೊಂಡಾಳ. ಅದ್ರಾಗೂ ನಿಂದು ಹಾಕಿ ಕೊಡು. ಒಂದು ಒದರಲಿಲ್ಲಂದ್ರ ಇನ್ನೊಂದು ಒದರತೈತಿ."

"ನಿನಗ ಸಿಟ್ಟು ಬಂದಿಲ್ಲೇನು?"

"ಬಂದೈತಿ. ರಾತ್ರಿ ಉಂಡಿಲ್ಲ ನಾ." ಅವಳು ಸೆರಗಿನಿಂದ ಫೋನಿನ ಗಾಜು ಒರೆಸಿದಳು. "ಪಕೀರಪ್ಪ ಒಮ್ಮೆ ಮರ್ತಾಗ ಅವನ ಬಾಗಿಲಾಗ ನಿಂತು ಓಣಿಗೆಲ್ಲ ಕೇಳಂಗ ಬೈದಿದ್ದೆ. ನನ್ನ ಭತ್ತ ಉಣ್ತಿದ್ದ, ಬೈದೆ. ನಿನಗ ಏನು ಕೊಟ್ಟೀನಂತ ಬೈಲಿ?"

ರೆಹಮಾನ ಫೋನು ಇಸಿದುಕೊಂಡ. ಸರ್ವರು ಮಲಗಿದರೆ ಎರಡೂ ಫೋನು ಒದರುವುದಿಲ್ಲ, ಇದನ್ನು ನಂಬಬೇಡವ್ವಾ ಎನ್ನಬೇಕೆಂದು ಬಾಯಿಗೆ ಬಂದದ್ದನ್ನು ನುಂಗಿದ. ಪಕೀರಪ್ಪ ಊರು ಬಿಟ್ಟ ಮೇಲೆ ಇದನ್ನು ನಂಬದೆ ಅವಳಾದರೂ ಇನ್ನೇನು ಮಾಡಿಯಾಳು? ಅವಳು ಬೈದಿದ್ದರೆ ಅವತ್ತೇ ಆಪ್ ನಿಲ್ಲಿಸಿ ಹಗುರಾಗುತ್ತಿದ್ದ. ಆಕೆ ಬೈಯಲಿಲ್ಲ, ಅವನು ಹಾಕಿಕೊಟ್ಟ.