ಹಗ್ಗ ಬಿಚ್ಚದ ವ್ಯಾಪಾರ

ಮೂರು ಗಂಟೆಗೆ ಫೈನಲ್ಲು. ಎರಡೂವರೆಯಾದರೂ ಕ್ಯಾತನಹಳ್ಳಿಯ ಏಳು ಜನ ಕಬಡ್ಡಿ ಆಟಗಾರರು ಕೆ.ಆರ್. ಪೇಟೆ ಮೈದಾನದ ಮೂಲೆಯಲ್ಲಿದ್ದ ಅರಳೀಮರದ ಕೆಳಗೆ ಕಾಲು ಚಾಚಿಕೊಂಡು ಕೂತೇ ಇದ್ದರು. ಮೈಕಿನವನು "ಹೊನ್ನಪ್ಪ ರೈಸ್ ಮಿಲ್ ತಂಡದವರು ಅಂಕಣಕ್ಕೆ ಬರಬೇಕು" ಎಂದು ಕೂಗಿ ಕೂಗಿ ಗಂಟಲು ಒಣಗಿಸಿಕೊಂಡ. ಇವರು ಜಪ್ಪಯ್ಯ ಅಂದರೂ ಏಳಲಿಲ್ಲ.

ನಾಯಕ ರಂಗಸ್ವಾಮಿ ಕಲ್ಲಿನಂತೆ ಕೂತಿದ್ದರೂ ಅವನ ಕಣ್ಣು ಮತ್ತೆ ಮತ್ತೆ ಮೈಕಿನವನ ಕಡೆಗೇ ಹೋಗುತ್ತಿತ್ತು. ಆಟ ಬಿಟ್ಟು ಕೂರುವುದು ಅವನಿಗೆ ಗೊತ್ತಿದ್ದ ವಿದ್ಯೆಯಲ್ಲ. ಗಿರಣಿಯಲ್ಲಿ ಮೂಟೆ ಹೊರು ಅಂದಾಗ ಹೊತ್ತವನು, ಆಡು ಅಂದಾಗ ಆಡಿದವನು. ಯಜಮಾನನ ಎದುರಿಗೆ ಮೊದಲ ಸಲ ಮೈ ಸೆಟೆಸಿ ಕೂತಿದ್ದು ಅವತ್ತೇ.

ಯಜಮಾನನೆಂದರೆ ಪಾಂಡವಪುರದ ಹೊನ್ನಪ್ಪ. ಅಕ್ಕಿ ಗಿರಣಿಯ ಸಾಹುಕಾರ. ಎತ್ತು ಕಟ್ಟುವ ಹುಚ್ಚು ಎಷ್ಟಿತ್ತೋ ಕಬಡ್ಡಿ ತಂಡ ಕಟ್ಟುವ ಹುಚ್ಚೂ ಅಷ್ಟೇ. ಎತ್ತಿನ ಕೊಟ್ಟಿಗೆ ಮನೆಯ ಹಿಂದೆ, ಆಟಗಾರರ ಕೋಣೆ ಗಿರಣಿಯ ಹಿಂದೆ, ಎರಡು ಕಡೆಗೂ ಬೂಸ ಒಂದೇ ಮೂಟೆಯಿಂದ ಎಂದು ಊರವರು ಆಡಿಕೊಳ್ಳುತ್ತಿದ್ದರು. ಈ ಏಳು ಜನ, ಇನ್ನೊಬ್ಬ ಅಪ್ಪು, ಒಟ್ಟು ಎಂಟು ಜನರಿಂದಲೂ ಛಾಪಾ ಕಾಗದದ ಮೇಲೆ ಮೂರು ವರ್ಷದ ಕರಾರು ಬರೆಸಿಕೊಂಡಿದ್ದ. ಬೇರೆ ಯಾರ ಪರವಾಗಿಯೂ ಆಡಕೂಡದು, ಕರೆದಲ್ಲಿಗೆ ಬರಬೇಕು, ಆಟವಿಲ್ಲದ ದಿನ ಗಿರಣಿಯಲ್ಲಿ ದುಡಿಯಬೇಕು. ಆಟಗಾರ ಏನೇನು ಮಾಡಬೇಕೆಂದು ಎರಡು ಪುಟ ಬರೆದಿದ್ದ ಆ ಕರಾರಿನಲ್ಲಿ, ಅವನ ಕಾಲು ಮುರಿದರೆ ಏನು ಗತಿ ಅನ್ನುವುದಕ್ಕೆ ಒಂದು ಸಾಲೂ ಇರಲಿಲ್ಲ.

ಕಾಲು ಮುರಿದದ್ದು ಅಪ್ಪುವಿನದು. ಅಪ್ಪು ರಂಗಸ್ವಾಮಿಯ ತಂಗಿ ಪ್ರಮೀಳಾಳ ಗಂಡ, ನಾಲ್ಕು ತಾಲ್ಲೂಕಿನಲ್ಲಿ ಅವನಂಥ ರೈಡರ್ ಇರಲಿಲ್ಲ. ಹೋದ ತಿಂಗಳು ಶ್ರೀರಂಗಪಟ್ಟಣದ ಪಂದ್ಯದಲ್ಲಿ ನಾಲ್ಕು ಜನ ಒಟ್ಟಿಗೆ ಅವನ ಮೊಣಕಾಲಿನ ಮೇಲೆ ಬಿದ್ದರು. ಮುಂದಿನ ಶನಿವಾರವೇ ಸಂಬಳ ನಿಂತಿತು. ಕೇಳಲು ಹೋದ ರಂಗಸ್ವಾಮಿಗೆ ಹೊನ್ನಪ್ಪ ಹಲ್ಲುಕಡ್ಡಿ ಆಡಿಸುತ್ತಾ, "ಆಡ್ದೇ ಇರೋನ್ಗೆ ಎಂತ ಸಂಬ್ಳನ್ಲಾ?" ಎಂದಿದ್ದ. ಪ್ರಮೀಳಾ ಈಗ ಕಂಡವರ ಕಬ್ಬಿನ ಗದ್ದೆಗೆ ಕಳೆ ಕೀಳಲು ಹೋಗುತ್ತಿದ್ದಳು.

ಇನ್ನೊಂದು ವಿಷಯ ರಂಗಸ್ವಾಮಿಯ ಹೊಟ್ಟೆಯಲ್ಲಿತ್ತು. ಮೈಸೂರಿನ ಡಾಕ್ಟರು ಅವನೊಬ್ಬನನ್ನೇ ಹೊರಗೆ ಕರೆದು, "ನಡೀತಾನೆ. ಆದರೆ ಆ ಕಾಲಲ್ಲಿ ಇನ್ನು ಕಬಡ್ಡಿ ಇಲ್ಲ" ಎಂದು ಹೇಳಿಬಿಟ್ಟಿದ್ದರು. ಒಳಗೆ ಬಂದು ನೋಡಿದರೆ ಅಪ್ಪು ಪ್ಲಾಸ್ಟರಿನ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು, "ಎಷ್ಟು ದಿನ ಅಂತೆ ಬಾವ?" ಎಂದು ಕೇಳಿದ. "ಎರಡು ತಿಂಗ್ಳು ಕಣ್ಲಾ" ಎಂದು ರಂಗಸ್ವಾಮಿ ಸುಳ್ಳು ಹೇಳಿದ. ತಂಗಿಗೂ ಹೇಳಲಿಲ್ಲ. ಅಂದಿನಿಂದ ಅಪ್ಪು ಗೋಡೆಗೆ ಗೀಟು ಎಳೆದು ದಿನ ಎಣಿಸುತ್ತಿದ್ದ. ಇವತ್ತೂ ಟ್ರಾಕ್ಟರಿನಲ್ಲಿ ಬಂದು, ತಂಡದ ನೀಲಿ ಬನೀನು ತೊಟ್ಟು, ಅಂಕಣದ ಆಚೆ ಬದಿಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ.

ಏಳು ಜನ ಕೇಳಿದ್ದು ಒಂದೇ ಮಾತು. ಅಂಕಣದಲ್ಲಿ ಏಟು ತಿಂದವನ ಸಂಬಳ ನಿಲ್ಲಬಾರದು, ಆಸ್ಪತ್ರೆಯ ಖರ್ಚು ಯಜಮಾನನದು. ಅದನ್ನು ಬರೆದು ಸೈನು ಹಾಕುವ ತನಕ ಅಂಕಣಕ್ಕೆ ಇಳಿಯುವುದಿಲ್ಲ.

ಹೊನ್ನಪ್ಪ ತಾನು ಬರಲಿಲ್ಲ, ನರಸಯ್ಯನನ್ನು ಕಳಿಸಿದ. ನರಸಯ್ಯ ಎತ್ತಿನ ದಲ್ಲಾಳಿ. ಹೆಗಲ ಮೇಲೊಂದು ಟವೆಲ್ಲು. ಅದರ ಮರೆಯಲ್ಲಿ ಕೈಗೆ ಕೈ ಕೂಡಿಸಿ, ಬೆರಳು ಹಿಡಿದು ದರ ಕುದುರಿಸುವುದರಲ್ಲಿ ಜಿಲ್ಲೆಗೇ ಹೆಸರಾದವನು. ಹೊನ್ನಪ್ಪನ ಕೊಟ್ಟಿಗೆಗೆ ಬಂದ ಎತ್ತೂ ಹೋದ ಎತ್ತೂ ಅವನ ಟವೆಲ್ಲಿನ ಕೆಳಗಿನಿಂದಲೇ ಹಾದುಹೋಗಿದ್ದವು. ಆದರೆ ಅವನಲ್ಲೊಂದು ನೇಮವಿತ್ತು. ದೋಷ ಮುಚ್ಚಿಟ್ಟು ವ್ಯಾಪಾರ ಮಾಡಿಸಿದವನಲ್ಲ. ಎತ್ತಿನ ಮೈಮೇಲಿನ ಸುಳಿ ಕೆಟ್ಟಿದ್ದರೆ ಕೆಟ್ಟಿದೆ ಎಂದು, ಹಲ್ಲು ಉದುರಿದ್ದರೆ ಉದುರಿದೆ ಎಂದು ಹೇಳಿಯೇ ಮಾರಿಸುತ್ತಿದ್ದ. ಹಾಗಾಗಿ ಅವನು ಮಧ್ಯಸ್ಥಿಕೆಗೆ ಬಂದದ್ದು ರಂಗಸ್ವಾಮಿಗೆ ಸಮಾಧಾನವನ್ನೇ ತಂದಿತು.

"ನಿನ್ ಉಡುಗ್ರು ಎಂಗವ್ರಪ್ಪಾ? ಒಬ್ಬೊಬ್ರದ್ದೂ ಏಳು, ಕೇಳಾನ" ಎಂದು ನರಸಯ್ಯ ಕುಕ್ಕುರುಗಾಲಿನಲ್ಲಿ ಕೂತ.

ತಂಡ ಹೊಗಳುವ ಅವಕಾಶ ಸಿಕ್ಕರೆ ರಂಗಸ್ವಾಮಿ ಬಿಡುವ ಪೈಕಿಯಲ್ಲ. "ಈ ನಿಂಗರಾಜು ಪಾದ ಇಡುದ್ರೆ ಎಮ್ಮೆನೂ ಅಲ್ಲಾಡಕ್ಕಿಲ್ಲ. ಇವ್ನು ಎಡಗಡೆ ಕಾವಲು, ಈಗಂಟ ಒಂದು ಏಟು ತಿಂದೋನಲ್ಲ..." ಎಂದು ಆರೂ ಜನರ ಭುಜ ತಟ್ಟಿ ತಟ್ಟಿ ತೋರಿಸಿದ. ನರಸಯ್ಯ ಒಬ್ಬೊಬ್ಬರ ಮೊಣಕಾಲನ್ನೂ ಕಣ್ಣಲ್ಲೇ ಅಳೆಯುತ್ತಾ ತಲೆಯಾಡಿಸಿದ.

"ಆ ಅಪ್ಪುದು? ಎರಡು ತಿಂಗ್ಳಿಗೆ ಎದ್ದಾನು ಅಂತಾವ್ರೆ, ದಿಟವಾ? ಐಬು ಏನಾರ ಇದ್ರೆ ಈಗ್ಲೇ ಏಳ್ಬುಡಪ್ಪ. ಆಮೇಕೆ ಮಾತು ಬರ್ಬಾರ್ದು."

ರಂಗಸ್ವಾಮಿ ಅಂಕಣದಾಚೆ ಕೂತ ಅಪ್ಪುವಿನ ಕಡೆ ನೋಡಿದ. ಗಾಯ ಎಷ್ಟು ದೊಡ್ಡದೆಂದು ಗೊತ್ತಾದರೆ ಹೊನ್ನಪ್ಪನ ಮನಸ್ಸು ಕರಗೀತು ಅನ್ನಿಸಿತು. ದನಿ ತಗ್ಗಿಸಿದ. "ಯಾರ್ಗೂ ಏಳಿಲ್ಲ ನರಸಯ್ಯಣ್ಣ. ಅವ್ನು ಇನ್ಯಾವತ್ತೂ ಆಡಕ್ಕಾಗಲ್ವಂತೆ. ಡಾಕ್ಟ್ರೇ ಅಂದವ್ರೆ. ಅದ್ಕೇ ನಾವು ಇಷ್ಟು ಅಟ ಮಾಡ್ತಿರೋದು."

ನರಸಯ್ಯ "ಶಿವನೇ" ಎಂದು ಎದ್ದು ಹೋದ.

ಆಮೇಲೆ ರಂಗಸ್ವಾಮಿ ಕಂಡದ್ದು ಇಷ್ಟು. ಶಾಮಿಯಾನದ ಮರೆಯಲ್ಲಿ ನರಸಯ್ಯ, ಹೊನ್ನಪ್ಪ, ಇನ್ನೊಬ್ಬ ಬಿಳೀ ಷರಟಿನವನು. ಷರಟಿನವನು ನಾಗಮಂಗಲದ ತೆಂಗಿನಕಾಯಿ ಮಂಡಿಯ ವಿಜಯೇಂದ್ರ, ಪಂದ್ಯಾವಳಿಗಳಲ್ಲಿ ಕಂಡಿದ್ದ ಮುಖ. ನರಸಯ್ಯನ ಟವೆಲ್ಲು ಇಬ್ಬರ ಕೈಗಳ ಮೇಲೂ ಹರಡಿತ್ತು. ಈ ಮುದುಕ ಕಬಡ್ಡಿ ನೋಡಲು ಬಂದರೂ ಎತ್ತು ಮಾರದೆ ಬಿಡೋನಲ್ಲ ಎಂದು ರಂಗಸ್ವಾಮಿ ನಿಂಗರಾಜುವಿಗೆ ಹೇಳಿ ನಕ್ಕ. ನಿಂಗರಾಜುವೂ ನಕ್ಕ.

ಹತ್ತು ನಿಮಿಷಕ್ಕೆ ಹೊನ್ನಪ್ಪನೇ ಮರದ ಕೆಳಗೆ ಬಂದ. ಪಂದ್ಯಾವಳಿಯ ಕರಪತ್ರದ ಹಿಂಬದಿಗೆ ರಂಗಸ್ವಾಮಿ ಹೇಳಿದಂತೆಯೇ ಬರೆಸಿದ. 'ನನ್ನ ತಂಡದ ಯಾವ ಆಟಗಾರ ಅಂಕಣದಲ್ಲಿ ಗಾಯಗೊಂಡಿದ್ದರೂ, ಇನ್ನು ಮುಂದೆ ಗಾಯಗೊಂಡರೂ, ಗುಣವಾಗುವ ತನಕ ಸಂಬಳ, ಔಷಧೋಪಚಾರ ನನ್ನ ಜವಾಬ್ದಾರಿ.' ಸೈನು ಜಡಿದ. ತಿಂಗಳಿಂದ ಕಲ್ಲಾಗಿದ್ದ ಮನುಷ್ಯ ಬೆಣ್ಣೆಯಾಗಿದ್ದನ್ನು ಕಂಡು ಯಾರಿಗಾದರೂ ಅನುಮಾನ ಬರಬೇಕಿತ್ತು. ರಂಗಸ್ವಾಮಿಗೆ ಬಂದದ್ದು ಹೆಮ್ಮೆ. ಕಾಗದ ಮಡಿಚಿ ಚಡ್ಡಿಯ ಜೇಬಿಗೆ ಇಟ್ಟು, ಅಂಕಣದಾಚೆಗೆ ಕೈಯೆತ್ತಿ ತೋರಿಸಿದ. ಅಪ್ಪು ಕೂತಲ್ಲಿಂದಲೇ ಗಟ್ಟಿ ಕಾಲಿನ ತೊಡೆ ತಟ್ಟಿದ.

ಆಟದ ಬಗ್ಗೆ ಹೇಳುವುದು ಹೆಚ್ಚಿಲ್ಲ. ಒಂದು ಅಂಕದಲ್ಲಿ ಗೆದ್ದರು. ಕೊನೆಯ ರೈಡಿನಲ್ಲಿ ನಿಂಗರಾಜು ಎದುರಾಳಿಯ ಪಾದ ಹಿಡಿದ, ಮಿಕ್ಕವರು ಮೇಲೆ ಬಿದ್ದರು, ಸೀಟಿ ಕೂಗಿತು. ಕೆಮ್ಮಣ್ಣು ಮೆತ್ತಿಕೊಂಡ ಏಳು ಜನ ಒಬ್ಬರನ್ನೊಬ್ಬರು ಎತ್ತಿ ಕುಣಿದರು. ಕಪ್ಪನ್ನು ಹೊನ್ನಪ್ಪ ಇಸಿದುಕೊಂಡ.

ಕಪ್ಪನ್ನು ಕಾರಿನೊಳಗೆ ಇಡಿಸಿ ಬಂದವನೇ ಅವರೆದುರು ನಿಂತು, "ಬನೀನು ಬಿಚ್ಚುಕೊಡ್ರಲಾ" ಎಂದ.

ಒಗೆಯಲು ಇರಬೇಕು ಅಂದುಕೊಂಡರು. "ಊರಿಗೋಗಿ ಕೊಡ್ತೀವಿ ಸಾವ್ಕಾರ್ರೆ, ಮೈಯೆಲ್ಲ ಬೆವ್ತದೆ" ಎಂದು ನಿಂಗರಾಜು ಹಲ್ಲು ಕಿರಿದ.

"ಇಲ್ಲೇ ಬಿಚ್ರಿ."

ಆಗಲೇ ರಂಗಸ್ವಾಮಿಯ ಕಣ್ಣು ಹೊನ್ನಪ್ಪನ ಹಿಂದೆ ಹೋದದ್ದು. ವಿಜಯೇಂದ್ರನ ಕಡೆಯ ಆಳು ಹೊಸ ಬಟ್ಟೆಯ ಗಂಟೊಂದನ್ನು ಬಿಚ್ಚುತ್ತಿದ್ದ. ಹಳದಿ ಬನೀನುಗಳು. ಎದೆಯ ಮೇಲೆ 'ನಾಗಮಂಗಲ' ಎಂದು ಅಚ್ಚಾಗಿತ್ತು.

ರಂಗಸ್ವಾಮಿಯ ಅಪ್ಪ ಎತ್ತು ಕಟ್ಟಿದವನು. ಎತ್ತು ಮಾರುವಾಗ ಹಗ್ಗ ಕೊಡಬಾರದು, ಹಗ್ಗ ಕೊಟ್ಟರೆ ಕೊಟ್ಟಿಗೆಯ ಲಕ್ಷ್ಮಿಯೂ ಹೊರಟುಹೋಗುತ್ತಾಳೆ ಎಂದು ಹೇಳಿಕೊಟ್ಟಿದ್ದ. ಮಾರಿದವನು ತನ್ನ ಹಗ್ಗ ಬಿಚ್ಚಿಕೊಳ್ಳಬೇಕು. ಕೊಂಡವನು ಹೊಸ ಹಗ್ಗ ತಂದಿರಬೇಕು. ಆಗ ಎತ್ತು ಕೈ ಬದಲಾದಂತೆ.

ಈಗ ಅವನಿಗೆ ಹೊಳೆಯಿತು. ಟವೆಲ್ಲಿನ ಕೆಳಗೆ ಹೊನ್ನಪ್ಪ ಮಾರಿದ್ದು ಎತ್ತನ್ನಲ್ಲ. ತನ್ನನ್ನು, ನಿಂಗರಾಜುವನ್ನು, ಈ ಏಳೂ ಜನರನ್ನು. ಮರದ ಕೆಳಗೆ ಕೂತು ಒಬ್ಬೊಬ್ಬರ ಭುಜ ತಟ್ಟಿ ದರ ಏರಿಸಿಕೊಟ್ಟವನು ತಾನೇ.

"ನಮ್ಮುನ್ನ ಮಾರ್ಬುಟ್ರಾ ಸಾವ್ಕಾರ್ರೆ?" ಎಂದು ಕೇಳಿದ.

"ಕರಾರು ಅವ್ರ ಎಸ್ರಿಗೆ ಮಾಡ್ಕೊಟ್ಟಿವ್ನಿ. ಇನ್ಮೇಲೆ ಅವ್ರೇ ನಿಮ್ಗೆ ಸಾವ್ಕಾರ್ರು."

"ಮತ್ತೆ ಇದು?" ರಂಗಸ್ವಾಮಿ ಜೇಬಿನಿಂದ ಕಾಗದ ತೆಗೆದ. ಬೆವರಿಗೆ ಒದ್ದೆಯಾಗಿತ್ತು.

"ನನ್ನ ತಂಡದೋರ್ಗೆ ಅಂತ ಬರ್ದಿವ್ನಿ. ಈಗ ನಂಗೆ ತಂಡ ಎಲ್ಲದೆ?" ಹೊನ್ನಪ್ಪನಿಗೆ ನಾಚಿಕೆಯಾದಂತೇನೂ ಕಾಣಲಿಲ್ಲ. ಇಷ್ಟು ಹಗುರವಾಗಿ ಒಬ್ಬ ಮನುಷ್ಯ ಹೀಗೆ ಮಾಡಬಹುದು ಅನ್ನುವುದೇ ರಂಗಸ್ವಾಮಿಯ ತಲೆಗೆ ಇಳಿಯಲೊಲ್ಲದು.

ಹಿಂದೆ ಸರಸರ ಸದ್ದಾಯಿತು. ತಿರುಗಿ ನೋಡಿದರೆ ನಿಂಗರಾಜು ಬನೀನನ್ನು ತಲೆಯ ಮೇಲಿಂದ ಎಳೆಯುತ್ತಿದ್ದ. "ಏನ್ಮಾಡಾದು ರಂಗಣ್ಣ? ಕರಾರು ಅವ್ರ ತಾವ ಅದೆ. ಸಂಬ್ಳ ಯಾರ್ ಕೊಟ್ರೇನು?" ಎಂದು ನೆಲ ನೋಡಿಕೊಂಡೇ ಹೇಳಿದ. ಮಿಕ್ಕ ಐವರೂ ಒಬ್ಬರ ಹಿಂದೊಬ್ಬರು ಬಿಚ್ಚಿದರು. ಮಧ್ಯಾಹ್ನ ಒಂದೇ ಮಾತಿಗೆ ಕೂತವರು, ಸಂಜೆ ಒಂದೇ ಮಾತಿಗೆ ಬಿಚ್ಚಿದರು. ನೀಲಿ ಬನೀನುಗಳು ಹೊನ್ನಪ್ಪನ ಕಾಲ ಬಳಿ ಮುದ್ದೆಯಾಗಿ ಬಿದ್ದವು.

ಆಳು ಹಳದಿ ಬನೀನು ಹಂಚಿದ. ಆರು ಹೋದವು. ಗಂಟಿನಲ್ಲಿ ಇನ್ನೂ ಎರಡು ಉಳಿದಿದ್ದವು.

ಒಂದು ತನ್ನದು. ಇನ್ನೊಂದು?

ರಂಗಸ್ವಾಮಿ ಆ ಎಂಟನೆಯ ಬನೀನನ್ನು ನೋಡುತ್ತಾ ನಿಂತುಬಿಟ್ಟ. ಎಂಟು ಅಚ್ಚು ಹಾಕಿಸಿಕೊಂಡು ಬಂದಿದ್ದಾರೆ. ಅಂದರೆ ಮಧ್ಯಾಹ್ನದವರೆಗೂ ಅಪ್ಪುವೂ ಈ ವ್ಯಾಪಾರದಲ್ಲಿದ್ದ, ಅವನಿಗೂ ಒಬ್ಬ ಯಜಮಾನನಿದ್ದ. ಕೈಬಿಟ್ಟದ್ದು ತಾನು ನರಸಯ್ಯನಿಗೆ ಐಬು ಹೇಳಿದ ಮೇಲೆ.

ಅವನು ಬನೀನಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಕೆಳಕ್ಕೆ ಜಗ್ಗಿದ. "ನಾನು ಬಿಚ್ಚಕ್ಕಿಲ್ಲ."

"ಲೇ ರಂಗ..."

"ನರಸಯ್ಯಣ್ಣ, ನೀವೇ ಏಳಿ. ಅಗ್ಗ ಬಿಚ್ಚದಿದ್ರೆ ಎತ್ತು ಯಾರ್ದು?"

ಸುತ್ತ ಜನ ಸೇರಿಬಿಟ್ಟಿದ್ದರು. ನರಸಯ್ಯ ಟವೆಲ್ಲನ್ನು ಹೆಗಲಿಂದ ಹೆಗಲಿಗೆ ಬದಲಿಸಿದ. ನಲವತ್ತು ವರ್ಷದ ಹೆಸರು ಅವನದು, ಅಷ್ಟು ಜನರ ಮುಂದೆ ಕಳೆದುಕೊಳ್ಳಲಾರ. "ಮಾರ್ದೋನ್ದೇ" ಎಂದ ಕೊನೆಗೆ. "ಸಾವ್ಕಾರ್ರೆ, ಅಗ್ಗ ಬಿಚ್ದೋರು ಆರು ಜನ ಓದ್ರು. ರಂಗಸ್ವಾಮಿ ಮೈಮ್ಯಾಗೆ, ಅಪ್ಪು ಮೈಮ್ಯಾಗೆ ನಿಮ್ಮ ಬನೀನದೆ. ಅವ್ರಿಬ್ರೂ ಅದ್ನ ಬಿಚ್ಚೋಗಂಟ ನಿಮ್ಮೋರೇ. ಆ ಕಾಗ್ದನೂ ನಡೀಬೇಕು. ಇಲ್ಲಾಂದ್ರೆ ನಾಳೆಯಿಂದ ನಿಮ್ಮ ಕೊಟ್ಟಿಗೆ ಎತ್ತಿಗೆ ನಾನು ಟವಲ್ ಆಸಕ್ಕಿಲ್ಲ."

ಹೊನ್ನಪ್ಪನ ಮುಖ ಕಪ್ಪಿಟ್ಟಿತು. ಜನರ ಕಡೆ ನೋಡಿದ, ನರಸಯ್ಯನ ಕಡೆ ನೋಡಿದ. "ಆಯ್ತು, ಬಿದ್ದಿರ್ಲಿ" ಎಂದು ಉಗಿದ.

ರಂಗಸ್ವಾಮಿ ಗೆದ್ದೆ ಅಂದುಕೊಂಡು ಅಂಕಣದ ಕಡೆ ತಿರುಗಿದ. ಅಪ್ಪು ಕುರ್ಚಿಯಲ್ಲಿರಲಿಲ್ಲ. ಊರುಗೋಲು ಊರಿಕೊಂಡು ಕುಂಟುತ್ತಾ ಬಂದು ಗುಂಪಿನ ಒಳಗೇ ನಿಂತಿದ್ದ. ಗಂಟಿನಲ್ಲಿ ಉಳಿದ ಹಳದಿ ಬನೀನನ್ನು ಅವನೂ ನೋಡಿದ್ದ.

"ನನ್ನೊಬ್ಬನ್ನೇ ಯಾಕೆ ಬುಟ್ರಿ ನರಸಯ್ಯಣ್ಣ?" ಎಂದು ಅವನು ಕೇಳಿದ. ದನಿಯಲ್ಲಿ ಸಿಟ್ಟಿಗಿಂತ ಅವಮಾನವಿತ್ತು. "ಇನ್ನೊಂದು ತಿಂಗ್ಳಿಗೆ ಎದ್ದು ಓಡ್ತೀನಿ. ಅಷ್ಟು ತಡ್ಕೊಳಕ್ಕಾಗ್ಲಿಲ್ವ ಇವ್ರಿಗೆ?"

ರಂಗಸ್ವಾಮಿ ಬೇಡ ಎಂದು ಕೈಯೆತ್ತುವಷ್ಟರಲ್ಲಿ ನರಸಯ್ಯ ತನ್ನ ನೇಮದಂತೆ ನಿಜ ಹೇಳಿಬಿಟ್ಟ.

"ಎಲ್ಲಿ ಓಡೀಯಪ್ಪ? ಆ ಕಾಲಲ್ಲಿ ಇನ್ಯಾವತ್ತೂ ಆಟ ಇಲ್ಲ ಅಂತ ಡಾಕ್ಟ್ರು ಅಂದವ್ರಂತಲ್ಲ. ನಿನ್ ಬಾವನೇ ಏಳುದ್ದು. ಐಬು ಮುಚ್ಚುಟ್ಟು ನಾನು ಎಂಗೆ ಮಾರಿಸ್ಲಿ?"

ಮೈದಾನದಲ್ಲಿ ಮೈಕಿನವನು ಯಾರಿಗೋ ಧನ್ಯವಾದ ಹೇಳುತ್ತಿದ್ದ. ಅಪ್ಪು ರಂಗಸ್ವಾಮಿಯ ಮುಖವನ್ನೇ ನೋಡಿದ. ಅದು ಸುಳ್ಳೆಂದು ಅವನು ಹೇಳಲಿ ಎಂದು ಕಾದ. ರಂಗಸ್ವಾಮಿ ಕಣ್ಣು ತಗ್ಗಿಸಿ ಆ ಪ್ಲಾಸ್ಟರಿನ ಕಾಲನ್ನು ನೋಡಿದ. ಹೊನ್ನಪ್ಪನಿಗೆ ಗೊತ್ತು, ವಿಜಯೇಂದ್ರನಿಗೆ ಗೊತ್ತು, ಟವೆಲ್ಲಿನ ಮುದುಕನಿಗೆ ಗೊತ್ತು. ಕಾಲು ಯಾರದೋ ಅವನಿಗೆ ಮಾತ್ರ ಗೊತ್ತಿರಲಿಲ್ಲ.

ಊರುಗೋಲು ನೆಲಕ್ಕೆ ಬಿತ್ತು. ಅಪ್ಪು ಒಂಟಿಗಾಲಿನಲ್ಲಿ ತೂರಾಡುತ್ತಾ ಎರಡೂ ಕೈಯಿಂದ ತನ್ನ ನೀಲಿ ಬನೀನನ್ನು ಮೇಲಕ್ಕೆ ಎಳೆಯತೊಡಗಿದ.

"ಬ್ಯಾಡ ಕಣ್ಲಾ! ಬಿಚ್ಚಬ್ಯಾಡ!" ರಂಗಸ್ವಾಮಿ ಹಾರಿ ಹೋಗಿ ಅವನನ್ನು ಅವುಚಿ ಹಿಡಿದ. ಹೊಟ್ಟೆಯ ತನಕ ಎದ್ದಿದ್ದ ಬನೀನಿನ ಅಂಚನ್ನು ಕೆಳಕ್ಕೆ ಜಗ್ಗಿದ. "ಪ್ರಮೀಳನ್ ಮುಖ ನೋಡ್ಲಾ, ಬಿಚ್ಚಬ್ಯಾಡ..."

"ಆಡ್ದೇ ಇರೋನ್ಗೆ ಬನೀನ್ಯಾಕೆ ಬಾವ?" ಎನ್ನುತ್ತಾ ಅಪ್ಪು ಮೇಲಕ್ಕೇ ಎಳೆಯುತ್ತಿದ್ದ.

ವರ್ಷಗಟ್ಟಲೆ ಒಂದೇ ಅಂಕಣದಲ್ಲಿ ಕೈ ಕೈ ಹಿಡಿದು ಆಡಿದ ಇಬ್ಬರು, ಆ ಸಂಜೆ ಜನರೆಲ್ಲ ನೋಡುತ್ತಿರುವಾಗ ಒಬ್ಬರ ಕೈ ಒಬ್ಬರು ಬಿಡಿಸುತ್ತಾ ಕೆಮ್ಮಣ್ಣಿನ ಮೇಲೆ ಕುಸಿದರು. ಹೊನ್ನಪ್ಪ ಒಂದು ಹೆಜ್ಜೆ ಮುಂದೆ ಬಂದು, ಬನೀನು ಬೀಳುತ್ತದೋ ಎಂದು ಕಾಯುತ್ತಾ ನಿಂತ.