ಸೌಟಿನ ಪರವಾಗಿ

"ಸೌಟಿನ ಪರವಾಗಿ ಮಾತಾಡೋರು ಯಾರೂ ಇಲ್ವಾ? ಹಾಗಾದ್ರೆ ಆ ಹೆಸರು ತೆಗೆದುಬಿಡ್ತೀನಿ," ಎಂದರು ಮೇಷ್ಟ್ರು.

ಹೆಡ್‌ಫೋನಿನೊಳಗೆ ಸದ್ದಿಲ್ಲ. ಮೌನಿ ಮಂಚದ ತುದಿಯಲ್ಲಿ ಕುಳಿತು ಪರದೆಯ ಮೂಲೆಯ ಮೈಕಿನ ಚಿತ್ರವನ್ನೇ ನೋಡುತ್ತಿದ್ದಳು. ಅದರ ಮೇಲೊಂದು ಕೆಂಪು ಗೆರೆ. ಈ ಫುಟ್ಬಾಲ್ ಲೀಗಿಗೆ ಸೇರಿದಂದಿನಿಂದ ಅವಳು ಆ ಗೆರೆಯನ್ನು ತೆಗೆದಿರಲಿಲ್ಲ.

ಆನ್‌ಲೈನಿನಲ್ಲಿ ಆಡುವ ಲೀಗು ಅದು. ತಂಡಕ್ಕೆ ಹನ್ನೊಂದು ಮಂದಿ; ಒಬ್ಬೊಬ್ಬರೂ ತಮ್ಮ ಮನೆಯಲ್ಲೇ ಕೂತು ಪರದೆಯ ಮೇಲಿನ ಒಬ್ಬೊಬ್ಬ ಆಟಗಾರನನ್ನು ಓಡಿಸುತ್ತಾರೆ. ಮುಖ ಕಂಡವರಿಲ್ಲ, ಅಡ್ಡಹೆಸರುಗಳದೇ ಸಂಸಾರ. ಇವಳು ಗೋಲಿನ ಮುಂದೆ ನಿಂತು ಕಾಯುವವಳು. ಆಟದ ಬಿಸಿಯಲ್ಲಿ ಉಳಿದವರೆಲ್ಲ ಗಂಟಲು ಹರಿದುಕೊಳ್ಳುವಾಗ ಇವಳೊಬ್ಬಳು ಟೈಪ್ ಮಾಡುತ್ತಿದ್ದಳು, ಅದಕ್ಕೇ ಮೌನಿ. ಯಾಕೆಂದು ಯಾರೂ ಕೇಳಿರಲಿಲ್ಲ. ಚಿಕ್ಕಂದಿನಿಂದಲೂ ಅವಳ ಮಾತು ಗಂಟಲಲ್ಲೇ ತಡವರಿಸುತ್ತಿತ್ತು. ಕನ್ನಡಕದ ಅಂಗಡಿಯ ಹಿಂಗೋಣೆಯಲ್ಲಿ ಗಾಜು ಉಜ್ಜುವ ಕೆಲಸವನ್ನು ಅವಳು ಆರಿಸಿಕೊಂಡದ್ದೂ ಅದಕ್ಕೇ. ಅಲ್ಲಿ ಯಂತ್ರ ಗರಗರ ಎನ್ನುತ್ತಿದ್ದರೆ ಸಾಕು, ಯಾರೂ ಮಾತಿಗೆ ಬರುತ್ತಿರಲಿಲ್ಲ.

ಈ ಭಾನುವಾರ ಮಧ್ಯಾಹ್ನ ಲೀಗಿನ ಈ ಋತುವಿನ ಪ್ರಶಸ್ತಿಗಳ ಚರ್ಚೆ, ಮೊದಲಿಗೆ ಶ್ರೇಷ್ಠ ಆಟಗಾರನದು. ಕಳೆದ ಸಲ ಎಲ್ಲರೂ ಪುಟಗಟ್ಟಲೆ ಬರೆದು ಹಾಕಿ, ಯಾರೂ ಯಾರದ್ದನ್ನೂ ಓದದೆ ರಂಪವಾಗಿತ್ತು. ಹಾಗಾಗಿ ಲೀಗು ನಡೆಸುವ ಮೇಷ್ಟ್ರು ಈ ಸಲ ಕಟ್ಟುನಿಟ್ಟು ಮಾಡಿದ್ದರು: ಆಟಗಾರನ ಪರವಾಗಿ ಅವನ ತಂಡದವರೊಬ್ಬರು ಬಾಯಿಬಿಟ್ಟು ವಾದಿಸಬೇಕು, ತನ್ನ ಪರವಾಗಿ ತಾನೇ ಮಾತಾಡುವಂತಿಲ್ಲ. ಇವರ ತಂಡದ ನಾಯಕ ಬಸ್ ಡ್ರೈವರ್. ಮಾತಾಡಬೇಕಿದ್ದವನು ಅವನೇ. ಬೆಳಿಗ್ಗೆ ಬೇರೊಬ್ಬನ ಬದಲಿಗೆ ಅವನನ್ನು ಡ್ಯೂಟಿಗೆ ಹಾಕಿದ್ದರು. ತಂಡದ ಉಳಿದವರು ಅವನನ್ನೇ ನಂಬಿಕೊಂಡು ಏನೂ ಸಿದ್ಧಮಾಡಿಕೊಂಡಿರಲಿಲ್ಲ.

"ಬಿಡಿ ಮೇಷ್ಟ್ರೇ," ಎಂದ ಸೌಟು, ನಗುತ್ತ. "ನನ್ನದೇನಿದೆ? ಗೋಲಿಲ್ಲ, ಗೀಲಿಲ್ಲ."

ನಗು ಕೊನೆಗೆ ಒಣಗಿದ್ದು ಅವಳಿಗೆ ಕೇಳಿಸಿತು. ಆಸ್ಪತ್ರೆಯೊಂದರ ಅಡುಗೆಮನೆಯಲ್ಲಿ ಕೆಲಸ ಮಾಡುವ ಮನುಷ್ಯ ಅವನು. ಅವಳು ಮೊದಲ ಪಂದ್ಯದಲ್ಲೇ ಚೆಂಡನ್ನು ತನ್ನದೇ ಗೋಲಿಗೆ ನುಗ್ಗಿಸಿ, ಇನ್ನು ಈ ಕಡೆ ತಲೆ ಹಾಕುವುದಿಲ್ಲ ಎಂದು ಬರೆದಾಗ, "ಉಪ್ಪು ಹೆಚ್ಚಾಯ್ತು ಅಂತ ಯಾರಾದ್ರೂ ಪಾತ್ರೆ ಬಿಸಾಡ್ತಾರಾ? ಆಡು ತಂಗಿ," ಎಂದಿದ್ದವನು ಅವನೊಬ್ಬನೇ.

ಅವಳ ಬೆರಳು ಕೆಂಪು ಗೆರೆಯನ್ನು ಒತ್ತಿತು.

"ನಾ... ನಾ... ನಾನಿದೀನಿ."

"ಯಾರದು?" ಎಂದಿತು ಒಂದು ದನಿ. ಇನ್ನೊಂದು, "ನೆಟ್‌ವರ್ಕ್ ಸರಿ ಇಲ್ಲ ಅನ್ಸುತ್ತೆ, ಕಟ್ ಆಗ್ತಿದೆ," ಎಂದಿತು.

ಕಿವಿ ಬಿಸಿಯಾಯಿತು. ಹೆಡ್‌ಫೋನ್ ಕಿತ್ತು ಎಸೆಯಬಹುದಿತ್ತು. "ನೆ... ನೆಟ್‌ವರ್ಕ್ ಚೆನ್ನಾಗಿದೆ. ನಾನು ಮಾತಾಡೋದೇ ಹೀ... ಹೀಗೆ. ನಾನು ಮೌನಿ."

ಮೇಷ್ಟ್ರು, "ಹೇಳಮ್ಮ. ನಮಗೇನು ರೈಲು ತಪ್ಪಿಹೋಗಲ್ಲ," ಎಂದರು.

ಆಗಲೇ ಇನ್ನೊಂದು ತಂಡದ ನಾಯಕ ತನ್ನ ಆಟಗಾರ ಮಿಂಚುವಿನ ಪರ ಮಾತಾಡಿ ಮುಗಿಸಿದ್ದ. ಓದಿದ್ದು ಕಾನೂನು, ಎಲ್ಲರೂ ಕರೆಯುವುದು ವಕೀಲ ಎಂದೇ. ಇಡೀ ಲೀಗಿನಲ್ಲಿ ಮಿಂಚುವಿನಷ್ಟು ಗೋಲು ಹೊಡೆದವರಿಲ್ಲ, ಚರ್ಚೆ ಮಾಡುವುದೇ ದಂಡ ಎಂದಿದ್ದ. ಮಾತೆಂದರೆ ಎಣ್ಣೆ ಸುರಿದ ಹಾಗೆ.

"ಸೌಟಣ್ಣ ನಡುವೆ ನಿಂ... ನಿಂತು ಮಾಡೋ ಕೆಲಸ ಇದೆಯಲ್ಲ, ಅದು... ಅದು ರ... ರ..."

"ರಕ್ಷಣೆ ಅಂತಾನಾ?" ವಕೀಲ ಕೈಹಿಡಿದು ದಾಟಿಸುವವನಂತೆ ಕೇಳಿದ.

"ಅಲ್ಲ. ನನ್ನ ಮಾತು ನಾನೇ ಮು... ಮುಗಿಸ್ತೀನಿ." ಅವಳು ಉಸಿರೆಳೆದುಕೊಂಡಳು. "ರಸ್ತೆ. ಅವರು ರಸ್ತೆ ಮುಚ್ತಾರೆ. ಮಿಂಚು ಇದ್ದಾನಾ ಇಲ್ಲಿ?"

"ಇದೀನಕ್ಕ." ಎಳೆಯ ದನಿ.

"ನಮ್ಮ ಮೇಲೆ ಎಷ್ಟು ಗೋಲು ಹೊ... ಹೊಡೆದೆ?"

"ಒಂದೂ ಇಲ್ಲ."

"ಯಾಕೆ?"

ಅವನು ಯೋಚಿಸಿದ. "ಚೆಂಡು ಸಿಕ್ಕಿದ್ರೆ ತಾನೆ? ನಮ್ಮವರು ನನಗೆ ಕೊಡೋಕೆ ನೋಡಿದಾಗೆಲ್ಲ ದಾರಿಗೆ ಅಡ್ಡ ಸೌಟಣ್ಣ ಇರ್ತಿದ್ರು. ಕೊನೆಕೊನೆಗೆ ಕೊಡೋದೇ ಬಿಟ್ರು."

"ಕಸಿದ ಚೆಂಡು ಲೆಕ್ಕಕ್ಕೆ ಬರುತ್ತೆ," ಎಂದಳು ಅವಳು. ಮಾತು ಈಗಲೂ ಎಡವುತ್ತಿತ್ತು, ಆದರೆ ಎಡವಿದಲ್ಲಿ ಕೂರುತ್ತಿರಲಿಲ್ಲ. "ನೀವು ಹೆ... ಹೆದರಿ ಕೊಡದೇ ಉಳಿಸಿಕೊಂಡ ಪಾಸು ಯಾವ ಲೆಕ್ಕದಲ್ಲಿದೆ? ಹಿಂದೆ ನಿಂತ ನನಗೆ ಗೊತ್ತು. ಎಷ್ಟೋ ಪಂದ್ಯದಲ್ಲಿ ನನಗೆ ಕೆ... ಕೆಲಸವೇ ಇರಲಿಲ್ಲ. ಆಕಳಿಸ್ಕೊಂಡು ನಿಂತಿದ್ದೆ. ಆ ಆಕಳಿಕೆಗೆಲ್ಲ ಸೌಟಣ್ಣನೇ ಕಾ... ಕಾರಣ."

ಯಾರೋ ಕಿಸಕ್ಕನೆ ನಕ್ಕರು. ನಗು ಹಬ್ಬಿತು. ಅದು ತನ್ನ ನಾಲಗೆಗಲ್ಲ, ತನ್ನ ಮಾತಿಗೆ ಬಂದ ನಗು ಎಂಬುದು ಅವಳಿಗೆ ತಿಳಿಯಲು ತುಸು ಹೊತ್ತು ಹಿಡಿಯಿತು.

ಮತದಾನ ಶುರುವಾಯಿತು. ಪರದೆಯ ಮೇಲೆ ಒಂದೊಂದೇ ಹೆಸರು ಬೀಳತೊಡಗಿತು: ಮಿಂಚು, ಮಿಂಚು, ಸೌಟು, ಮಿಂಚು, ಸೌಟು, ಸೌಟು. ಪಟ್ಟಿ ಉದ್ದವಾಗಿ, ಕೊನೆಗೆ ಎರಡೂ ಸಮಕ್ಕೆ ಬಂದು ನಿಂತಾಗ ಉಳಿದದ್ದು ಮಿಂಚುವಿನದೊಂದೇ ಮತ.

"ನಾನು ಸೌಟಣ್ಣನಿಗೇ ಹಾಕ್ತೀನಿ," ಎಂದ ಅವನು. "ವಕೀಲ್ರೇ, ಬೇಜಾರು ಮಾಡ್ಕೋಬೇಡಿ. ಅಕ್ಕ ಹೇಳಿದ್ದನ್ನ ಮೈಯಲ್ಲಿ ಅನುಭವಿಸಿದೋನು ನಾನು."

"ನನ್ನ ಸಾಕ್ಷಿಯನ್ನೇ ಹಾರಿಸಿಕೊಂಡು ಹೋದ್ರಲ್ಲಮ್ಮ," ಎಂದ ವಕೀಲ. ದನಿಯಲ್ಲಿ ಸೋಲಿಗಿಂತ ಮೆಚ್ಚುಗೆಯೇ ಹೆಚ್ಚಿತ್ತು.

ಮೇಷ್ಟ್ರು ಗಂಟಲು ಸರಿಮಾಡಿಕೊಂಡು ಋತುವಿನ ಶ್ರೇಷ್ಠ ಆಟಗಾರನ ಹೆಸರು ಘೋಷಿಸಿದರು. ಎಲ್ಲ ಮೈಕುಗಳೂ ಒಟ್ಟಿಗೇ ಗದ್ದಲವೆಬ್ಬಿಸಿದವು.

"ಸೌಟಣ್ಣ, ಇದೀರಾ?" ಎಂದು ಕೇಳಿದ ಮಿಂಚು.

"ಇದೀನಿ." ಮೂಗು ಕಟ್ಟಿದ ದನಿ. "ಈರುಳ್ಳಿ ಹೆಚ್ತಿದ್ದೆ."

"ಇವತ್ತು ನಿಮಗೆ ರಜಾ ಅಲ್ವಾ?"

"ಮನೇಲಿ ಈರುಳ್ಳಿ ಇರಬಾರ್ದಾ?" ಎಂದ ಅವನು. ಆಮೇಲೆ ಮೆಲ್ಲಗೆ, "ತಂಗಿ, ನಿನ್ನ ದನಿ ಚೆನ್ನಾಗಿದೆ ಕಣಮ್ಮ," ಎಂದ.

ಅಷ್ಟರಲ್ಲಿ ಮೇಷ್ಟ್ರು ಋತುವಿನ ಅತ್ಯುತ್ತಮ ಗೋಲಿನ ಚರ್ಚೆ ಎತ್ತಿದ್ದರು. ವಕೀಲ ಮತ್ತೆ ಮಿಂಚುವಿನದೊಂದು ಗೋಲನ್ನು ಹಾಡಿ ಹೊಗಳತೊಡಗಿದ್ದ.

"ಅದು ಆ... ಆಫ್‌ಸೈಡ್," ಎಂದಳು ಅವಳು, ಅವನ ಮಾತಿನ ನಡುವೆಯೇ.

"ಏನು? ಯಾರು ಹೇಳಿದ್ದು?"

"ನಾನು ಹೇಳ್ತಿದೀನಿ. ಕಾ... ಕಾಲು ನೋಡಿ ಅವನದು, ಪಾಸಿಗೆ ಮೊದಲೇ ಎದುರಾಳಿಗಳನ್ನ ದಾಟಿದೆ. ಮತ್ತೆ ಹಾಕಿ ತೋರಿಸಿ."

ಬಾಗಿಲು ಮೆಲ್ಲನೆ ತೆರೆಯಿತು. ಇದುವರೆಗೆ ಆ ಕೋಣೆಯಿಂದ ಇಂಥ ದನಿ ಕೇಳದ ಅತ್ತಿಗೆ ಒಂದು ಗಳಿಗೆ ಹೊಸ್ತಿಲಲ್ಲೇ ನಿಂತಳು. ನಾದಿನಿ ಒಂದು ಕೈ ಗಾಳಿಯಲ್ಲಿ ಬೀಸುತ್ತ, ತಡವರಿಸುತ್ತ, ನಾಲ್ಕು ಜನರ ಮೇಲೆ ಒಟ್ಟಿಗೇ ಜಗಳಕ್ಕೆ ಬಿದ್ದಿದ್ದಳು. ಅತ್ತಿಗೆ ಚಹಾದ ಲೋಟವನ್ನು ಸದ್ದಾಗದಂತೆ ಕಿಟಕಿಯ ಕಟ್ಟೆಯ ಮೇಲಿಟ್ಟು ಬಾಗಿಲೆಳೆದುಕೊಂಡಳು. ಅಲ್ಲಿ, ಬಿಸಿಲಿನಲ್ಲಿ, ಲೋಟದ ಮೇಲೆ ನಿಧಾನವಾಗಿ ಕೆನೆ ಕಟ್ಟತೊಡಗಿತು.